ಅಸ್ಥಿಗತ ಹಿಸ್ಟಿಯೋಸೈಟ್ ರೋಗಗಳು: ಹೆಸರು ಮತ್ತು ನಿದಾನದ ಚರಿತ್ರೆ

ರೋಗಕ್ಕೆ ಹೆಸರಿಟ್ಟೊಡನೆ ನಿದಾನವು ಮುಗಿಯಿತೆಂದು ತಿಳಿಯುವುದು ವಾಡಿಕೆ. ಆದರೆ ಹೆಸರೇ ನಿದಾನಕ್ಕೆ ಅಡ್ಡಿಯಾಗುವುದೂ ಉಂಟು. ಎಲುಬನ್ನು ಹಿಡಿಯುವ ಹಿಸ್ಟಿಯೋಸೈಟ್ ರೋಗಗಳ ಚರಿತ್ರೆಯಿಂದ ಇದು ಸ್ಪಷ್ಟಪಡುವುದು. ಹಿಸ್ಟಿಯೋಸೈಟುಗಳೆಂದರೆ ಹೊರಗಿನ ವಸ್ತುಗಳನ್ನು ನುಂಗಿ, ಅಥವಾ ಅವುಗಳ ಗುರುತನ್ನು ಇತರ ಕೋಶಗಳಿಗೆ ತೋರಿಸಿ, ದೇಹವನ್ನು ಕಾಯುವ ಜೀವಕೋಶಗಳು. ಇವು ಮಿತಿಮೀರಿ ಕೂಡಿದಲ್ಲಿ ಎಲುಬು ಕರಗುವುದು, ಇಲ್ಲವೆ ಗಟ್ಟಿಗೊಳ್ಳುವುದು.

1893ರಲ್ಲಿ ಫಿಲಡೆಲ್ಫಿಯದ ಆಲ್ಫ್ರೆಡ್ ಹ್ಯಾಂಡ್ ಎಂಬ ವೈದ್ಯನು ಮೂರು ವರ್ಷದ ಬಾಲಕನೊಬ್ಬನ ರೋಗವನ್ನು ವರ್ಣಿಸಿದನು. ಅತಿಮೂತ್ರ, ಮುಂಚಾಚಿದ ಕಣ್ಣುಗಳು, ತಲೆಬುರುಡೆಯಲ್ಲಿ ಮೆತ್ತಗಾದ ಜಾಗ, ಇವು ಅದರ ಲಕ್ಷಣಗಳು. ಆ ಕಾಲದಲ್ಲಿ ಎಲ್ಲೆಲ್ಲಿಯೂ ಕ್ಷಯರೋಗವೇ ಕಾಣುತ್ತಿದ್ದುದರಿಂದ ಇದನ್ನೂ ಕ್ಷಯವೆಂದೇ ಎಣಿಸಲಾಯಿತು. 1915ರಲ್ಲಿ ವಿಯೆನ್ನದ ಆರ್ಥರ್ ಷ್ಯೂಲರನು ಕ್ಷ-ಕಿರಣಗಳಿಂದ ಬುರುಡೆಯ ರಂಧ್ರಗಳನ್ನು ತೋರಿಸಿದನು. 1919ರಲ್ಲಿ ಬಾಸ್ಟನ್ನಿನ ಹೆನ್ರಿ ಕ್ರಿಶ್ಚಿಯನ್ನನು ಅಂಥದೇ ರೋಗಿಯೊಬ್ಬಳನ್ನು ವಿವರಿಸಿದನು. ಇವರಿಬ್ಬರೂ ಪಿಟ್ಯುಟರಿ ಗ್ರಂಥಿಯೇ ಮೂಲವೆಂದರು. ಕಂಡದ್ದು ಒಂದೇ ರೋಗ. ಕಾಣುವ ದೃಷ್ಟಿ ಮಾತ್ರ ಬೇರೆ ಬೇರೆ.

ಶಿಶುಗಳನ್ನು ಶೀಘ್ರವಾಗಿ ಕೊಲ್ಲುವ ಮತ್ತೊಂದು ರೂಪವನ್ನು 1924ರಲ್ಲಿ ಲೆಟ್ಟರರ್, 1933ರಲ್ಲಿ ಸೀವೆ ವರ್ಣಿಸಿದರು. ಒಂದೇ ಎಲುಬಿನಲ್ಲಿ ರಂಧ್ರವನ್ನುಂಟುಮಾಡುವ ಸೌಮ್ಯರೂಪಕ್ಕೆ 1940ರಲ್ಲಿ ಲಿಕ್ಟನ್‌ಸ್ಟೈನ್ ಮತ್ತು ಜಾಫೆ ಬೇರೆ ಹೆಸರಿಟ್ಟರು. ಮೂರೂ ಒಂದೇ ವ್ಯಾಧಿಯ ರೂಪಭೇದಗಳೆಂದು ಸಿಡ್ನಿ ಫಾರ್ಬರನು 1941ರಲ್ಲಿ ಸೂಚಿಸಿದನು. 1953ರಲ್ಲಿ ಲಿಕ್ಟನ್‌ಸ್ಟೈನನು ಇವನ್ನು ‘ಹಿಸ್ಟಿಯೋಸೈಟೋಸಿಸ್ ಎಕ್ಸ್’ ಎಂದು ಒಂದುಗೂಡಿಸಿದನು. ಕಾರಣವು ಅಜ್ಞಾತವೆಂಬುದನ್ನು ಆ ‘ಎಕ್ಸ್’ ಅಕ್ಷರವೇ ಸಾರುತ್ತಿದ್ದಿತು.

ಇದಕ್ಕೆ ಉತ್ತರವು ಚರ್ಮದಿಂದ ಬಂದುದು ವಿಚಿತ್ರ. 1868ರಲ್ಲಿ ಬರ್ಲಿನ್ನಿನ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸನು ಚಿನ್ನದ ಲವಣದ ವರ್ಣಕ್ರಿಯೆಯಿಂದ ಚರ್ಮದಲ್ಲಿ ಕವಲೊಡೆದ ಕೋಶಗಳನ್ನು ಕಂಡು, ಅವು ನರಗಳ ಅಂಶವೆಂದು ಭಾವಿಸಿದ್ದನು. 1961ರಲ್ಲಿ ಬರ್ಬೆಕ್ಕನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಆ ಕೋಶಗಳೊಳಗೆ ಟೆನಿಸ್ ದಾಂಡಿನಾಕಾರದ ಕಣಗಳನ್ನು ಗುರುತಿಸಿದನು. ಅವೇ ಕಣಗಳು ಎಲುಬಿನ ರೋಗಕೋಶಗಳಲ್ಲಿಯೂ ದೊರೆತುವು. 1973ರಲ್ಲಿ ನೆಝೆಲಾಫನು ಈ ಸಂಬಂಧವನ್ನು ಪ್ರತಿಪಾದಿಸಿದನು. 1987ರಲ್ಲಿ ಹಿಸ್ಟಿಯೋಸೈಟ್ ಸೊಸೈಟಿಯು ‘ಲ್ಯಾಂಗರ್‌ಹಾನ್ಸ್ ಕೋಶ ಹಿಸ್ಟಿಯೋಸೈಟೋಸಿಸ್’ ಎಂಬ ಹೆಸರನ್ನು ಸ್ಥಿರಪಡಿಸಿತು. ನಿಶ್ಚಿತ ನಿದಾನಕ್ಕೆ ಆ ಕಣಗಳಾಗಲಿ, ಸಿಡಿ1ಎ ಎಂಬ ಕೋಶಚಿಹ್ನೆಯಾಗಲಿ ಅವಶ್ಯವೆಂದಾಯಿತು.

ಒಂದುಗೂಡಿಸುವುದರಂತೆ ಬೇರ್ಪಡಿಸುವುದೂ ನಿದಾನದ ಕಾರ್ಯವೇ. 1930ರಲ್ಲಿ ವಿಯೆನ್ನದ ಯಾಕೋಬ್ ಎರ್ಡ್‌ಹೈಮನ ಬಳಿ ಕೆಲಸಮಾಡುತ್ತಿದ್ದ ವಿಲಿಯಂ ಚೆಸ್ಟರನು ಇಬ್ಬರು ರೋಗಿಗಳನ್ನು ವರ್ಣಿಸಿದನು. ಆ ರೋಗಕ್ಕೆ ಅವರಿಬ್ಬರ ಹೆಸರೂ 1972ರಲ್ಲಿ ಜಾಫೆಯಿಂದ ಸಂದಿತು. ಇಲ್ಲಿ ಕೊಬ್ಬುತುಂಬಿ ನೊರೆಯಂತೆ ಕಾಣುವ ಕೋಶಗಳಲ್ಲಿ ಸಿಡಿ1ಎ ಇರುವುದಿಲ್ಲ; ಎರಡು ಕಾಲುಗಳಲ್ಲಿಯೂ ಮೊಣಕಾಲಿನ ಸುತ್ತಣ ಉದ್ದೆಲುಬುಗಳು ಸಮವಾಗಿ ಗಟ್ಟಿಗೊಳ್ಳುವುವು. ಕೋಶವನ್ನು ಮಾತ್ರ ನೋಡಿದರೆ ಸಂದೇಹ ಉಳಿಯಬಹುದು. ಕ್ಷ-ಕಿರಣ ಚಿತ್ರವೂ ಎಲುಬಿನ ಸಮಸ್ಥಾನಿಕ ಪರೀಕ್ಷೆಯೂ ಜೊತೆಗೂಡಬೇಕು. ಭೇದವು ಅಲ್ಪವಲ್ಲ: ಮಗುವಿನ ಒಂದೇ ಎಲುಬಿನ ರಂಧ್ರವು ತಾನಾಗಿ ಮಾಯಬಹುದು, ಪ್ರೌಢರ ಈ ರೋಗವಾದರೋ ಹೃದಯ, ಮೂತ್ರಪಿಂಡ, ಮಿದುಳುಗಳನ್ನೂ ಆವರಿಸಬಲ್ಲದು.

ಆದರೂ ಬೇರ್ಪಟ್ಟ ರೋಗಗಳ ಆಳದಲ್ಲಿ ಬಾಂಧವ್ಯವೊಂದು ಕಂಡುಬಂದಿತು. ಬಿಆರ್‌ಎಎಫ್ ಎಂಬ ಜೀನಿನ ಒಂದೇ ವಿಕಾರವು 2010ರಲ್ಲಿ ಮೊದಲನೆಯ ರೋಗದ 61 ಮಾದರಿಗಳಲ್ಲಿ 35ರಲ್ಲಿಯೂ, 2012ರಲ್ಲಿ ಎರಡನೆಯದರ 24ರಲ್ಲಿ 13ರಲ್ಲಿಯೂ ದೊರೆಯಿತು. ಆ ವಿಕಾರವನ್ನು ತಡೆಯುವ ವೆಮುರಾಫೆನಿಬ್ ಔಷಧಕ್ಕೆ 2017ರಲ್ಲಿ ಅಮೆರಿಕದಲ್ಲಿ ಎರ್ಡ್‌ಹೈಮ್-ಚೆಸ್ಟರ್ ರೋಗದ ಚಿಕಿತ್ಸೆಗಾಗಿ ಸಮ್ಮತಿ ದೊರೆಯಿತು. ಇತ್ತ ಲ್ಯಾಂಗರ್‌ಹಾನ್ಸನ ಹೆಸರನ್ನು ಹೊತ್ತ ವ್ಯಾಧಿಯು ಚರ್ಮದ ಕೋಶದಿಂದಲ್ಲ, ಮಜ್ಜೆಯಿಂದ ಬಂದ ಪೂರ್ವಕೋಶಗಳಿಂದ ಹುಟ್ಟುವುದೆಂಬುದೇ ಈಗಿನ ಪ್ರಬಲ ಮತ. ಹೆಸರು ಹಾಗೆಯೇ ಉಳಿದಿದೆ. ಅದರ ಅರ್ಥ ಮಾತ್ರ ಬದಲಾಗಿದೆ. ಹೆಸರನ್ನು ಸಿದ್ಧಾಂತವೆಂದು ಭಾವಿಸದೆ ತತ್ಕಾಲದ ಗುರುತೆಂದು ಬಗೆದು ಮುಂದುವರಿದುದರಿಂದಲೇ ಈ ರೋಗಿಗಳಿಗೆ ಚಿಕಿತ್ಸೆಯ ದಾರಿ ತೆರೆಯಿತು.