ಹಾಲಿ ಸಿಕ್ಕದಿಂದ ಕಾಲ್ಕಡಗಕ್ಕೆ

ನಾಡಿನ ಚರಿತ್ರೆಯನ್ನು ನಾವು ಶಾಸನಗಳಲ್ಲಿ ಓದುತ್ತೇವೆ. ಮನೆತನದ ಚರಿತ್ರೆಯನ್ನು ಅಕ್ಕಸಾಲಿಗನ ಮೂಸೆಯಲ್ಲಿ ಕರಗಿಸಿಬಿಡುತ್ತೇವೆ.

ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ಸೀಮೆಗಳು 1948ರವರೆಗೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಮೊದಲಿನೆರಡು ಸಾಲಾರ್ ಜಂಗರ ಜಹಗೀರು. ಅಲ್ಲಿ ನಡೆಯುತ್ತಿದ್ದ ನಾಣ್ಯ ಹಾಲಿ ಸಿಕ್ಕ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಹಾಲಿ ರೂಪಾಯಿಯಲ್ಲಿ ನೂರಕ್ಕೆ ಸುಮಾರು 82 ಪಾಲು ಬೆಳ್ಳಿ. ಬ್ರಿಟಿಷ್ ರೂಪಾಯಿಯಲ್ಲಿ ಸುಮಾರು 92. ನಾಣ್ಯ ಕರಗಿಸಿ ಒಡವೆ ಮಾಡುವವನಿಗೆ ಈ ವ್ಯತ್ಯಾಸ ತಿಳಿದಿರಲೇಬೇಕು.

ಪತ್ತಾರರಿಗೆ ಮನೆಯ ಪಡಸಾಲೆಯೇ ಕಾರ್ಯಶಾಲೆ. ಅಗ್ಗಿಷ್ಟಿಕೆ, ಊದುಗೊಳವೆ, ಅಡಿಗಲ್ಲು, ತಂತಿಯೆಳೆಯುವ ಕಂಬಚ್ಚು, ಬೆಸುಗೆಗೆ ಬಿಳಿಗಾರ—ಇಷ್ಟೇ ಸಲಕರಣೆ. ರೈತನ ಉಡಿದಾರ, ಹೆಂಗಸರ ಕಾಲ್ಕಡಗ, ಇಷ್ಟಲಿಂಗದ ಕರಡಿಗೆ ಅಲ್ಲಿಯೇ ಸಿದ್ಧವಾಗುತ್ತಿದ್ದವು. ಬರಗಾಲದಲ್ಲಿ ಅವೇ ಒಡವೆಗಳು ಮಾರಾಟವಾಗಿ ಜೋಳವಾಗುತ್ತಿದ್ದವು.

ನಮ್ಮಜ್ಜಿಯ ಕಡಗವನ್ನು ಮೊಮ್ಮಗಳ ಗೆಜ್ಜೆಗಾಗಿ ಕರಗಿಸಲು ನಾನೇ ಒಯ್ದಿದ್ದೆ. ವೃದ್ಧ ಪತ್ತಾರರು ಒರೆಗಲ್ಲಿಗೆ ತಿಕ್ಕಿ ನೋಡಿ, “ಹಾಲಿ ಸಿಕ್ಕದ ಬೆಳ್ಳಿ ಕಾಣತೈತ್ರಿ, ಸರ. ಹಿಂಥಾ ಕೈಕೆಲಸ ಈಗ ಬರಂಗಿಲ್ಲ. ಕರಗಸಲೇನ್ರಿ?” ಎಂದರು. ಓಲೆಗರಿಯಲ್ಲಿ ಒಂದಕ್ಷರ ಅಳಿದಿದ್ದರೂ ಮರುಗುತ್ತಿದ್ದ ನಾನು ನಾಚಿಕೊಂಡೆ. ಆ ಕಡಗವನ್ನು ಓದಬಲ್ಲವರು ಅವರು, ಅಳಿಸಹೊರಟವನು ನಾನು.

ಗೆಜ್ಜೆಗೆ ಬೇರೆ ಬೆಳ್ಳಿ ಕೊಂಡೆ. ಕಡಗ ಮನೆಗೆ ಮರಳಿತು.