ಗೆಜ್ಜೆ ಪೂಜೆಯ ಚಂದ್ರಾ ಮತ್ತು ತಂದೆಯ ಹೆಸರಿನ ಕಾಲಂ

1971ರ ಬೇಸಿಗೆ ಎಂದು ನೆನಪು. ಚಳ್ಳಕೆರೆಯ ಹೊರಗೆ ಕಡಲೆಕಾಯಿ ಕಿತ್ತು ಬರಿದಾದ ಹೊಲವೊಂದರಲ್ಲಿ ಟೂರಿಂಗ್ ಟಾಕೀಸಿನ ಡೇರೆ ಎದ್ದಿತ್ತು. ನೆಲದ ಮೇಲೆ ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ, ನಡುವೆ ಮೊಣಕಾಲೆತ್ತರದ ಮಣ್ಣಿನ ಗೋಡೆ. ಬೆಂಗಳೂರಿನಲ್ಲಿ ಓಡಿ ಮುಗಿದ ಚಿತ್ರಗಳು ನಮ್ಮ ಬಯಲುಸೀಮೆಗೆ ಬರುವ ಹೊತ್ತಿಗೆ ರೀಲುಗಳ ಮೇಲೆ ಮಳೆ ಸುರಿಯುತ್ತಿತ್ತು. ಹಾಗೆ ಬಂದ ಪುಟ್ಟಣ್ಣ ಕಣಗಾಲರ ‘ಗೆಜ್ಜೆ ಪೂಜೆ’ಯನ್ನು ನಾನು ನನ್ನ ತಾಯಿ ಮತ್ತು ಚಿಕ್ಕಮ್ಮನ ಜೊತೆ ನೋಡಿದೆ. ಹದಿನಾಲ್ಕು ವರ್ಷದ ನನಗೆ ಕಥೆ ಅರ್ಧ ಮಾತ್ರ ಅರ್ಥವಾಯಿತು. ಗೋಡೆಯಾಚೆಯಿಂದ ಕೇಳಿಬಂದ ಅಳು ಮಾತ್ರ ಇಂದಿಗೂ ಕಿವಿಯಲ್ಲಿದೆ.

ಈ ಚಿತ್ರಕ್ಕೆ ಆಧಾರ ಎಂ. ಕೆ. ಇಂದಿರಾ ಅವರ ಅದೇ ಹೆಸರಿನ ಕಾದಂಬರಿ. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಈ ಮಹಿಳೆ ಹನ್ನೆರಡರ ಹರೆಯದಲ್ಲಿ ಮದುವೆಯಾಗಿ, ಶಾಲೆಯ ಓದನ್ನು ಅಲ್ಲಿಗೇ ನಿಲ್ಲಿಸಿ, ನಲವತ್ತು ದಾಟಿದ ಮೇಲೆ ಕಾದಂಬರಿ ಬರೆಯಲು ಕುಳಿತವರು. ‘ತುಂಗಭದ್ರಾ’ ಪ್ರಕಟವಾದದ್ದು 1963ರಲ್ಲಿ. ಅಡುಗೆಮನೆ, ಹಿತ್ತಲುಗಳಲ್ಲಿ ಹೆಂಗಸರು ದನಿ ತಗ್ಗಿಸಿ ಆಡಿಕೊಳ್ಳುವ ಮಾತುಗಳನ್ನು ಕಾದಂಬರಿಯ ಅಂಗಳಕ್ಕೆ ತಂದ ಅವರು, ಸಂಭಾವಿತ ಮನೆತನಗಳು ಹೆಸರೆತ್ತಲೂ ಹಿಂಜರಿಯುತ್ತಿದ್ದ ವೇಶ್ಯೆಯರ ಮನೆಯೊಂದರ ಒಳಕ್ಕೂ ಅದೇ ಸಹಜತೆಯಿಂದ ಕಾಲಿಟ್ಟರು. ಅಲ್ಲಿ ಅವರು ಕಂಡದ್ದು ಒಬ್ಬ ತಾಯಿಯನ್ನು ಮತ್ತು ಓದಬೇಕೆಂದು ಹಂಬಲಿಸುವ ಅವಳ ಮಗಳನ್ನು.

ಕಲ್ಪನಾ ಅಭಿನಯಿಸಿದ ಚಂದ್ರಾ ಆ ಮಗಳು. ತಾಯಿ ಅಪರ್ಣಳಾಗಿ ಲೀಲಾವತಿ, ಚಂದ್ರಾಳನ್ನು ಮೆಚ್ಚುವ ಯುವಕನಾಗಿ ಗಂಗಾಧರ್. ಕುಲದ ಹೆಣ್ಣುಮಗಳು ಕಸುಬಿಗೆ ಇಳಿಯುವ ಮುನ್ನ ಅವಳ ಕಾಲಿನ ಗೆಜ್ಜೆಗೆ ನಡೆಸುವ ಪೂಜೆಯೇ ಗೆಜ್ಜೆ ಪೂಜೆ. ಆ ದಿನವನ್ನು ಮುಂದೂಡುತ್ತ, ಮದುವೆಯ ಕನಸನ್ನು ಹಿಡಿದುಕೊಂಡು ಬದುಕುವ ಚಂದ್ರಾಳಿಗೆ ತಂದೆ ಇದ್ದಾನೆ. ಆದರೆ ಆತನನ್ನು ತಂದೆಯೆಂದು ಊರೆದುರು ಕರೆಯುವಂತಿಲ್ಲ. ಕಥೆಯ ದುರಂತವೆಲ್ಲ ಆ ಒಂದು ಗಂಟಿನಲ್ಲಿದೆ. ಕೊನೆಗೆ ಗೆಜ್ಜೆ ಪೂಜೆ ನಡೆಯುತ್ತದೆ, ಚಂದ್ರಾ ಸಾಯುತ್ತಾಳೆ. 1969ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಇದಕ್ಕೆ ಅತ್ಯುತ್ತಮ ಕನ್ನಡ ಚಿತ್ರವೆಂಬ ಗೌರವ ಸಂದಿತು, ಪುಟ್ಟಣ್ಣನವರಿಗೆ ಅತ್ಯುತ್ತಮ ಚಿತ್ರಕಥೆಯ ಪ್ರಶಸ್ತಿ ದೊರೆಯಿತು. 1971ರಲ್ಲಿ ತೆಲುಗಿನಲ್ಲಿ ‘ಕಲ್ಯಾಣ ಮಂಟಪಂ’, 1981ರಲ್ಲಿ ಹಿಂದಿಯಲ್ಲಿ ‘ಆಹಿಸ್ತಾ ಆಹಿಸ್ತಾ’ ಎಂದು ಇದೇ ಕಥೆ ಮತ್ತೆ ತೆರೆಗೆ ಬಂತು.

ನಮ್ಮ ಚಳ್ಳಕೆರೆ ತಾಲ್ಲೂಕಿನವರಿಗೆ ಇಲ್ಲೊಂದು ಹೆಮ್ಮೆಯ ಮಾತುಂಟು, ಬರೆಯದೆ ಬಿಡಲಾರೆ. ಪುಟ್ಟಣ್ಣನವರ ಕೊನೆಯ ಚಿತ್ರ ‘ಮಸಣದ ಹೂವು’ ಕೂಡ ವೇಶ್ಯಾವಾಟಿಕೆಯ ಕಥೆಯೇ, ಅದರ ಕಾದಂಬರಿಕಾರರು ತಳುಕಿನ ಮನೆತನದ ತ. ರಾ. ಸುಬ್ಬರಾಯರು. ಪುಟ್ಟಣ್ಣ 1985ರ ಜೂನ್‌ನಲ್ಲಿ ತೀರಿಕೊಂಡ ಮೇಲೆ ಕೆ. ಎಸ್. ಎಲ್. ಸ್ವಾಮಿಯವರು ಅದನ್ನು ಪೂರ್ಣಗೊಳಿಸಿದರು. ತರಾಸು ಅದಕ್ಕೂ ಒಂದು ವರ್ಷ ಮೊದಲೇ ಕಣ್ಮರೆಯಾಗಿದ್ದರು. ‘ನಾಗರಹಾವು’ ಚಿತ್ರವನ್ನು ನೋಡಿ, ನನ್ನ ನಾಗರಹಾವನ್ನು ಕೇರೆಹಾವು ಮಾಡಿದರೆಂದು ಅವರು ಹೇಳಿದರೆಂಬ ಮಾತು ದುರ್ಗದ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ‘ಮಸಣದ ಹೂವ’ನ್ನು ಕಂಡಿದ್ದರೆ ಏನನ್ನುತ್ತಿದ್ದರೋ!

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದಾಗ ‘ಮೆಮೊಯರ್ಸ್ ಆಫ್ ಎ ಗೇಷಾ’ ಎಂಬ 2005ರ ಇಂಗ್ಲಿಷ್ ಚಿತ್ರವನ್ನು ನೋಡುವ ಸಂದರ್ಭ ಒದಗಿತು. ಬಡ ಬೆಸ್ತರ ಮನೆಯ ಬಾಲಕಿಯೊಬ್ಬಳು ಜಪಾನಿನ ಕ್ಯೋಟೋ ನಗರದ ಗೇಷಾ ಮನೆಗೆ ಮಾರಾಟವಾಗಿ, ನೃತ್ಯ, ಗಾನ, ಸಂಭಾಷಣೆಗಳಲ್ಲಿ ಪಳಗಿ ಹೆಸರುವಾಸಿಯಾಗುವ ಕಥೆ. ಇದಕ್ಕೂ ಆಧಾರ ಕಾದಂಬರಿಯೇ. 1997ರಲ್ಲಿ ಪ್ರಕಟವಾದ ಅದನ್ನು ಬರೆದವರು ಆರ್ಥರ್ ಗೋಲ್ಡನ್ ಎಂಬ ಅಮೆರಿಕನ್ನರು. ರೇಷ್ಮೆಯ ಕಿಮೊನೊಗಳ ಹೊಳಪು, ಹಿಮ, ದೀಪಗಳು ಕಣ್ಣಿಗೆ ಹಬ್ಬ. ಛಾಯಾಗ್ರಹಣ, ಕಲಾನಿರ್ದೇಶನ, ವಸ್ತ್ರವಿನ್ಯಾಸಕ್ಕೆ ಮೂರು ಆಸ್ಕರ್ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ನನ್ನನ್ನು ಸೆಳೆದದ್ದು ಚಿತ್ರದ ಹಿಂದಿನ ಜಗಳ. ಗೋಲ್ಡನ್ ಅವರಿಗೆ ತನ್ನ ಬದುಕಿನ ವಿವರಗಳನ್ನು ಹೇಳಿದ್ದ ಮಿನೆಕೊ ಇವಾಸಾಕಿ ಎಂಬ ನಿವೃತ್ತ ಗೇಷಾ, ಹೆಸರು ಗುಪ್ತವಾಗಿಡುವ ಮಾತು ಮುರಿದರೆಂದೂ, ಕನ್ಯತ್ವವನ್ನು ಹರಾಜು ಹಾಕುವಂಥ ಸಂಗತಿಗಳನ್ನು ತಮ್ಮ ವೃತ್ತಿಗೆ ಅಂಟಿಸಿದರೆಂದೂ 2001ರಲ್ಲಿ ನ್ಯಾಯಾಲಯಕ್ಕೆ ಹೋದರು. 2002ರಲ್ಲಿ ತಮ್ಮ ಆತ್ಮಕಥೆಯನ್ನು ತಾವೇ ಹೊರತಂದರು. ಮೊಕದ್ದಮೆ ಮರುವರ್ಷ ರಾಜಿಯಲ್ಲಿ ಮುಗಿಯಿತು.

ಆ ಹೆಂಗಸಿನ ಸಿಟ್ಟು ನನಗೆ ಅರ್ಥವಾಗುತ್ತದೆ. ನಮ್ಮಲ್ಲಿಯೂ ಒಳಗಿನಿಂದ ಮಾತಾಡಿದವರು ಇದ್ದರು. ನಂಜನಗೂಡಿನಲ್ಲಿ ದೇವದಾಸಿಯ ಮಗಳಾಗಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ, ಮುದ್ದುಪಳನಿ ಎಂಬ ಇನ್ನೊಬ್ಬ ಕಲಾವಿದೆಯ ತೆಲುಗು ಕಾವ್ಯವನ್ನು 1910ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು. ಸರ್ಕಾರ ಅಶ್ಲೀಲವೆಂದು ಅದನ್ನು ಮುಟ್ಟುಗೋಲು ಹಾಕಿತು. ಅದಕ್ಕೆ ಒಂದು ವರ್ಷ ಮುಂಚೆ, 1909ರಲ್ಲಿ, ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತ್ತು.

ಆದರೆ ಓದುಗ ಮಿತ್ರರೇ, ಚಂದ್ರಾಳ ಮನೆಯಾಗಲಿ, ನಾಗರತ್ನಮ್ಮನವರ ಸಂಗೀತವಾಗಲಿ, ಕ್ಯೋಟೋದ ಕಿಮೊನೊವಾಗಲಿ ನಮ್ಮ ಮೊಳಕಾಲ್ಮೂರು, ಚಳ್ಳಕೆರೆಯ ಬಸವಿಯರ ಬದುಕಿಗೆ ಹೊಂದುವುದಿಲ್ಲ. ಸೀರೆ ನೇಯುವ ಊರು ನಮ್ಮದು. ಮೊಳಕಾಲ್ಮೂರು ರೇಷ್ಮೆ ನಾಡಿನ ಮದುವೆಗಳಿಗೆಲ್ಲ ಹೋಗುತ್ತದೆ. ಆದರೆ ಬಸವಿಯ ಮೈಮೇಲೆ ನಾನು ಕಂಡದ್ದು ಕೂಲಿಗೆ ಹೋಗುವವರ ಹತ್ತಿ ಸೀರೆಯನ್ನು ಮಾತ್ರ. ಮೈಸೂರಿನ 1909ರ ಆಜ್ಞೆ ಮುಜರಾಯಿ ಗುಡಿಗಳ ಒಳಗಿನ ಸೇವೆಗೆ ಸಂಬಂಧಿಸಿದ್ದು. ಹಟ್ಟಿ, ಕೇರಿಗಳಲ್ಲಿ ಮುತ್ತು ಕಟ್ಟಿಸಿಕೊಂಡವಳಿಗೆ ಗುಡಿಯಲ್ಲಿ ಸಂಬಳವೂ ಇರಲಿಲ್ಲ, ನೃತ್ಯವೂ ಇರಲಿಲ್ಲ. ಗಡಿಯಾಚೆ ಬಳ್ಳಾರಿ, ರಾಯದುರ್ಗಗಳು 1953ರವರೆಗೆ ಮದರಾಸಿಗೆ ಸೇರಿದ್ದವು. ಅಲ್ಲಿ ಮುತ್ತು ಕಟ್ಟುವುದನ್ನು ನಿಷೇಧಿಸುವ ಕಾಯಿದೆ ಬಂದದ್ದು 1947ರಲ್ಲಿ. ನೆಂಟಸ್ತನ, ಜಾತ್ರೆ, ದೇವರು ಎಲ್ಲವೂ ಗಡಿಯ ಎರಡೂ ಕಡೆ ಒಂದೇ ಆಗಿದ್ದವು.

ಬಳ್ಳಾರಿ ಸೀಮೆಯ ಬಸವಿಯರ ಕುರಿತು ಫಾಸೆಟ್ ಎಂಬ ಪೊಲೀಸ್ ಅಧಿಕಾರಿ 1890ರ ದಶಕದ ಆರಂಭದಲ್ಲೇ ಒಂದು ಪ್ರಬಂಧ ಬರೆದಿದ್ದಾನೆ. ಅದರ ಶೀರ್ಷಿಕೆಯೇ ಅರ್ಥಪೂರ್ಣ: ದೇವರಿಗೆ ಅರ್ಪಿತರಾಗುವುದರಿಂದ ಗಂಡಸಿನ ಹಕ್ಕುಗಳನ್ನು ಪಡೆಯುವ ಹೆಂಗಸರು ಎಂಬ ಅರ್ಥದ್ದು. ಗಂಡುಮಕ್ಕಳಿಲ್ಲದ ತಂದೆ ಮಗಳೊಬ್ಬಳನ್ನು ಬಸವಿ ಬಿಟ್ಟರೆ ಅವಳು ಮದುವೆಯಾಗಿ ಹೊರಗೆ ಹೋಗುವುದಿಲ್ಲ, ತೌರಿನಲ್ಲೇ ಉಳಿಯುತ್ತಾಳೆ. ಮಗನಂತೆ ಆಸ್ತಿಗೆ ಬಾಧ್ಯಳಾಗುತ್ತಾಳೆ, ಮಗನಂತೆ ತಂದೆಯ ಉತ್ತರಕ್ರಿಯೆ ಮಾಡುತ್ತಾಳೆ. ಅವಳ ಮಕ್ಕಳು ಅವಳ ತಂದೆಯ ಮನೆತನಕ್ಕೆ ಸೇರುತ್ತಾರೆ. ಮಗಳನ್ನು ಮಗನನ್ನಾಗಿ ಮಾಡಿಕೊಂಡ ಪದ್ಧತಿ ಇದು. ಕೇಳುವುದಕ್ಕೆ ದೊಡ್ಡ ಹಕ್ಕಿನಂತೆ ಕಾಣುತ್ತದೆ. ಆ ಹಕ್ಕಿನ ಬೆಲೆಯನ್ನು ತೆತ್ತದ್ದು ಯಾರ ಮೈ ಎಂಬುದನ್ನು ನೋಡಿದಾಗ ಆ ಮೆಚ್ಚುಗೆ ಉಳಿಯುವುದಿಲ್ಲ. ಹಲವು ಜಾತಿಗಳಲ್ಲಿದ್ದ ಪದ್ಧತಿ ಬರಬರುತ್ತ ಹೆಚ್ಚಾಗಿ ದಲಿತರ ಕೇರಿಗಳಲ್ಲಿ ಉಳಿಯಿತು. ಅಲ್ಲಿ ಬಾಧ್ಯಳಾಗಲು ಆಸ್ತಿಯೇ ಇರಲಿಲ್ಲ.

ಇದನ್ನೆಲ್ಲ ನಾನು ಓದಿ ತಿಳಿದದ್ದು ಬಹಳ ತಡವಾಗಿ. ಅದಕ್ಕೆ ಮುಂಚೆ ಒಂದು ತಪ್ಪು ಮಾಡಿದ್ದೆ.

1980ರ ದಶಕದ ಮಧ್ಯಭಾಗ. ಮೊಳಕಾಲ್ಮೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತಿದ್ದೆ. ಬ್ರಹ್ಮಗಿರಿಯ ಅಶೋಕನ ಶಾಸನ ನಮ್ಮ ತಾಲ್ಲೂಕಿನದೇ. ರೈಸ್ ಸಾಹೇಬರು 1892ರಲ್ಲಿ ಬೆಳಕಿಗೆ ತಂದ ಆ ಬರಹದಲ್ಲಿ ತಾಯಿತಂದೆಯರ ಮಾತು ಕೇಳಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಉಪದೇಶವಿದೆ. ಅದನ್ನು ಪ್ರತಿವರ್ಷ ಉತ್ಸಾಹದಿಂದ ಪಾಠ ಮಾಡುತ್ತಿದ್ದೆ. ಆ ವರ್ಷ ಎಸ್ಸೆಸ್ಸೆಲ್ಸಿ ಅರ್ಜಿಗಳನ್ನು ತರಗತಿಯಲ್ಲೇ ತುಂಬಿಸುತ್ತ ಒಬ್ಬೊಬ್ಬರನ್ನೇ ನಿಲ್ಲಿಸಿ ತಂದೆಯ ಹೆಸರು ಕೇಳುತ್ತ ಹೋದೆ. ಚೆನ್ನಾಗಿ ಓದುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು ಸುಮ್ಮನಾದಳು. ನಾನು ಮತ್ತೆ ಕೇಳಿದೆ, ಗಟ್ಟಿಯಾಗಿಯೇ ಕೇಳಿದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ.

ನಾಲ್ಕನೆಯ ದಿನ ಅವರ ಕೇರಿಗೆ ಹೋದೆ. ತಾಯಿ ಕೂಲಿಯಿಂದ ಆಗತಾನೆ ಬಂದಿದ್ದರು. ನನ್ನನ್ನು ಕಂಡು ತಲೆಯ ಮೇಲೆ ಸೆರಗು ಹೊದ್ದು, ಚೊಂಬಿನಲ್ಲಿ ನೀರು ತಂದಿಟ್ಟರು. ವಿಷಯ ಹೇಳಿದೆ.

“ದ್ಯಾವರ ಹೆಸರೇ ಬರ್ಕಳಿ ಮೇಷ್ಟ್ರೇ. ನನಗೆ ಮುತ್ತು ಕಟ್ಟಿಸಿದ್ದು ಅವನ ಹೆಸರಾಗೇ ಅಲ್ವಾ,” ಎಂದರು. ವ್ಯಂಗ್ಯವೋ, ಸಿಟ್ಟೋ, ನಿಜವಾಗಿಯೂ ಹಾಗೆ ನಂಬಿದ್ದರೋ ನನಗೆ ಇಂದಿಗೂ ತಿಳಿದಿಲ್ಲ. ಹುಡುಗಿ ಬಾಗಿಲ ಮರೆಯಲ್ಲಿದ್ದಳು.

ಮುಖ್ಯೋಪಾಧ್ಯಾಯರನ್ನು ಕೇಳಿದಾಗ ಅವರು ಕಾಲಂ ಖಾಲಿ ಬಿಡುವಂತಿಲ್ಲ, ಏನಾದರೊಂದು ಹೆಸರು ಹಾಕಿ ಎಂದರು. ತಾಯಿಯ ಒಪ್ಪಿಗೆ ಪಡೆದು ತಾಯಿಯ ತಂದೆಯ ಹೆಸರನ್ನು ಬರೆದೆವು. ಜಾಣ ಉಪಾಯವೆಂದು ಅಂದು ನೆಮ್ಮದಿಯಾಗಿತ್ತು. ಫಾಸೆಟ್‌ನ ಪ್ರಬಂಧದ ವಿಷಯ ತಿಳಿದ ದಿನ ಆ ನೆಮ್ಮದಿ ಹೋಯಿತು. ಬಸವಿಯ ಮಗು ಅಜ್ಜನ ಮನೆತನಕ್ಕೆ ಸೇರಬೇಕೆಂದು ಹಳೆಯ ಕಟ್ಟಳೆ ಹೇಳಿದ್ದನ್ನೇ ನಾವು ಸರ್ಕಾರಿ ಕಾಗದದ ಮೇಲೆ, ಶಾಲೆಯ ಮೊಹರು ಒತ್ತಿ, ನಡೆಸಿಕೊಟ್ಟಿದ್ದೆವು. ಮಗಳನ್ನು ಬಿಟ್ಟ ಅಜ್ಜನೇ ಅವಳ ಅಂಕಪಟ್ಟಿಯಲ್ಲಿ ಅಪ್ಪನಾಗಿ ಕುಳಿತ.

ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕರ್ನಾಟಕದ ಕಾಯಿದೆ ಅಷ್ಟರಲ್ಲಿ, 1982ರಲ್ಲಿ, ಆಗಿತ್ತು. ಅದು ಸಮರ್ಪಣೆ ಮಾಡಿಸಿದವರಿಗೆ ಸೆರೆವಾಸ ವಿಧಿಸುತ್ತಿತ್ತು, ಹೆತ್ತವರೇ ಮಾಡಿಸಿದ್ದರೆ ಶಿಕ್ಷೆ ಇನ್ನೂ ಹೆಚ್ಚಾಗಿತ್ತು. ಆದರೂ 1993-94 ಮತ್ತು 2007-08ರ ಎರಡು ಸಮೀಕ್ಷೆಗಳಲ್ಲಿ ಸರ್ಕಾರ 14 ಜಿಲ್ಲೆಗಳಿಂದ ಒಟ್ಟು 46,660 ದೇವದಾಸಿಯರನ್ನು ಗುರುತಿಸಿತು. ನಮ್ಮ ಚಿತ್ರದುರ್ಗವೂ ಆ ಪಟ್ಟಿಯಲ್ಲಿದೆ. ಮಕ್ಕಳು ದಾಖಲೆಗಳಲ್ಲಿ ತಂದೆಯ ಹೆಸರು ಕೊಡುವುದು ಕಡ್ಡಾಯವಲ್ಲ, ಬಯಸಿದರೆ ತಂದೆ ಯಾರೆಂದು ಕಾನೂನಿನ ಮೂಲಕ ಗುರುತಿಸಿಕೊಳ್ಳಬಹುದು ಎಂಬ ಅಂಶಗಳುಳ್ಳ ಹೊಸ ಮಸೂದೆಗೆ ರಾಜ್ಯದ ಶಾಸನಸಭೆ ಒಪ್ಪಿಗೆ ಕೊಟ್ಟದ್ದು 2025ರಲ್ಲಿ. ನಾನು ತರಗತಿಯಲ್ಲಿ ಗಟ್ಟಿಯಾಗಿ ಪ್ರಶ್ನೆ ಕೇಳಿ ಸುಮಾರು ನಲವತ್ತು ವರ್ಷಗಳಾದ ಮೇಲೆ.

ಇಂದಿರಾ ಅವರಾಗಲಿ ಪುಟ್ಟಣ್ಣನವರಾಗಲಿ ಚಂದ್ರಾಳನ್ನು ಯಾಕೆ ಉಳಿಸಲಿಲ್ಲ ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ಅಮೆರಿಕದ ಕಾದಂಬರಿಕಾರ ತನ್ನ ಗೇಷಾಳಿಗೆ ಬಯಸಿದ ಗಂಡಸನ್ನು ದೊರಕಿಸಿಕೊಟ್ಟ. ನಮ್ಮವರು ಚಂದ್ರಾಳಿಗೆ ಸಾವನ್ನು ಕೊಟ್ಟರು. ಎರಡನೆಯದು ಹೆಚ್ಚು ಪ್ರಾಮಾಣಿಕವೆಂದು ಬಹಳ ಕಾಲ ವಾದಿಸುತ್ತಿದ್ದೆ. ಡೇರೆಯಲ್ಲಿ ಅತ್ತ ಹೆಂಗಸರು ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಿರಬಹುದು, ಸತ್ತವಳಿಗೆ ಮದುವೆಯ ಚಪ್ಪರ ಹಾಕುವ ಕಷ್ಟ ಯಾರಿಗೂ ಇರಲಿಲ್ಲ ಎಂದು ಈಚೆಗೆ ಅನ್ನಿಸುತ್ತದೆ. ಮಹಾ ಚಿತ್ರವೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಬದುಕಿ ಉಳಿದವಳಿಗೆ ಅದು ಏನನ್ನು ಹೇಳುತ್ತದೆ?

ನನ್ನ ವಿದ್ಯಾರ್ಥಿನಿ ಪಾಸಾದಳು, ಕೆಲಸಕ್ಕೆ ಸೇರಿದಳು, ಮದುವೆಯಾದಳು. ನಾನು ನಿವೃತ್ತನಾದ ಮೇಲೆ ಒಮ್ಮೆ ಚಳ್ಳಕೆರೆಯ ಬಸ್ ನಿಲ್ದಾಣದಲ್ಲಿ ಸಿಕ್ಕಿ, ಕಾಲಿಗೆ ನಮಸ್ಕರಿಸಿ ಮಾತಾಡಿಸಿದಳು. ಅಂದಿನ ತರಗತಿಯ ವಿಷಯ ತೆಗೆದು ಕ್ಷಮೆ ಕೇಳಲು ಬಾಯಿ ಬರಲಿಲ್ಲ. ಬಸ್ಸಿಗೆ ಹೊತ್ತಿತ್ತು. ಹಳೆಯ ಚಿತ್ರಗಳ ಮಾತು ಬಂದು, ಟಿವಿಯಲ್ಲಿ ‘ಗೆಜ್ಜೆ ಪೂಜೆ’ ಹಾಕಿದ್ದರು, ನೋಡಿದೆಯಾ ಅಮ್ಮಾ ಎಂದು ಕೇಳಿದೆ.

“ಅರ್ಧ ನೋಡಿದೆ ಸಾರ್,” ಎಂದಳು. “ಆಮೇಲೆ ಒಲೆ ಮೇಲಿದ್ದ ಕುಕ್ಕರ್ ಕೂಗ್ತು, ಎದ್ದು ಹೋದೆ.”