ಕುದುರೆಯ ಬಾಯಿ, ಸವಾರನ ಕೈ

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಮನುಷ್ಯನು ಮೂರು ಪ್ರಾಣಿಗಳನ್ನು ಮೂರು ಸಾಧನಗಳಿಂದ ಆಳಿಕೊಂಡು ಬಂದಿದ್ದಾನೆ. ಎತ್ತಿಗೆ ಮೂಗುದಾರ, ಆನೆಗೆ ಅಂಕುಶ, ಕುದುರೆಗೆ ಕಡಿವಾಣ. ಎತ್ತು ಇಲ್ಲಿಯ ಹೊಲಕ್ಕೆ ಸೇರಿದ್ದು, ಆನೆ ಇಲ್ಲಿಯ ಕಾಡಿಗೆ ಸೇರಿದ್ದು. ಕುದುರೆಯಾದರೋ ಅರಮನೆಯ ಮತ್ತು ಹೆದ್ದಾರಿಯ ಪ್ರಾಣಿ. ಅದರ ಬಾಯಲ್ಲಿರುವ, ಒಂದು ಗೇಣಿಗೂ ಕಡಿಮೆಯಾದ ಕಬ್ಬಿಣದ ಸರಳಿಗೆ ದೀರ್ಘವಾದ ಚರಿತ್ರೆಯುಂಟು. ಅದನ್ನು ಈ ಹೊತ್ತು ಕೇಳುಗರ ಮುಂದಿಡಲು ಯತ್ನಿಸುತ್ತೇವೆ.

ಮೊದಲು ಪ್ರಾಚೀನರ ಮಾತನ್ನು ನೋಡೋಣ. ಅಲೆಕ್ಸಾಂಡರನೊಡನೆ ಬಂದಿದ್ದ ನಿಯಾರ್ಕಸನು ಭಾರತೀಯರ ಕುದುರೆಗಳ ವಿಷಯವಾಗಿ ಬರೆದುದನ್ನು ಆರಿಯನ್ನನು ತನ್ನ ಗ್ರಂಥದಲ್ಲಿ ಉಳಿಸಿದ್ದಾನೆ. ಕುದುರೆಯ ಮೂತಿಯ ಸುತ್ತ ಹೊಲಿದ ತೊಗಲಿನ ಪಟ್ಟಿ, ಅದರಲ್ಲಿ ಒಳಮುಖವಾಗಿ ಕಂಚಿನ ಅಥವಾ ಕಬ್ಬಿಣದ ಮುಳ್ಳುಗಳು. ಧನಿಕರಾದರೆ ದಂತದ ಮುಳ್ಳುಗಳು. ಬಾಯೊಳಗೆ ಒಂದು ಕಬ್ಬಿಣದ ಸರಳು, ವಾಘೆಗಳು ಅದಕ್ಕೆ ಕಟ್ಟಿರತಕ್ಕವು. ವಾಘೆಯನ್ನೆಳೆದರೆ ಮುಳ್ಳು ಚುಚ್ಚುವುದು, ಕುದುರೆ ಮಣಿಯುವುದು. ಸುಮಾರು ಅದೇ ಶತಮಾನದಲ್ಲಿ ಗ್ರೀಕರ ಕ್ಸೆನೊಫೋನನು ಸವಾರನ ಬಳಿ ಒರಟಾದುದೊಂದು, ನಯವಾದುದೊಂದು, ಹೀಗೆ ಎರಡು ಕಡಿವಾಣಗಳಾದರೂ ಇರಬೇಕೆಂದನು. ಒರಟಾದುದನ್ನು ಕಂಡ ಕುದುರೆ ನಯವಾದುದನ್ನು ಸಂತೋಷದಿಂದ ಒಪ್ಪುವುದೆಂಬುದು ಅವನ ಯುಕ್ತಿ. ಅಂತೂ ನಯವಾದುದೇ ಕೊನೆಯ ಗುರಿಯೆಂಬುದನ್ನು ಅವನೂ ಅರಿತಿದ್ದನು.

ನಮ್ಮ ಸಂಸ್ಥಾನಕ್ಕೆ ಬರೋಣ. ಅರಿಕುಠಾರವೆಂಬ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ, ಅಲ್ಲಿ ಜನಿಸಿದ ತಮ್ಮ ತಂದೆಯವರ ನೆನಪಿಗಾಗಿ ಚಾಮರಾಜನಗರವೆಂದು ಹೆಸರಿಟ್ಟರು. ಅದಕ್ಕೆ ಹನ್ನೊಂದು ವರ್ಷ ಮೊದಲು, 1807ರ ಒಡಂಬಡಿಕೆಯಂತೆ, ಮೈಸೂರು ಸಂಸ್ಥಾನವು 4,000 ಕುದುರೆ ಸವಾರರನ್ನು ಇಟ್ಟುಕೊಳ್ಳಬೇಕಾಗಿದ್ದಿತು. ಸಿಲೇದಾರರೆಂದು ಹೆಸರಾದ ಸವಾರರ ಪದ್ಧತಿಯಲ್ಲಿ ಕುದುರೆ ಸರ್ಕಾರದ್ದಲ್ಲ, ಸಿಲೇದಾರನದೇ. ಸಂಬಳದಲ್ಲಿಯೇ ಅದನ್ನು ಸಾಕಬೇಕು. ಕೆಟ್ಟರೆ ನಷ್ಟ ಅವನ ಪಾಲು. ಬಾಯಿ ಹುಣ್ಣಾದ ಕುದುರೆ ಮೇವು ತಿನ್ನದು. ಮೇವು ತಿನ್ನದ ಕುದುರೆ ದಂಡಿಗೆ ಬಾರದು. ದಯೆಯಿಲ್ಲದವನಿಗೂ ಲೆಕ್ಕವು ದಯೆಯನ್ನು ಕಲಿಸುವಂತಹ ಏರ್ಪಾಡು ಅದು.

ಹಾಗಾದರೆ ಹಿತವಾದ ಕಡಿವಾಣ ಯಾವುದು? ಕುದುರೆಯ ಮುಂಬಲ್ಲುಗಳಿಗೂ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ತೆರಪೊಂದುಂಟು. ಅಲ್ಲಿ ತೆಳುವಾದ ಒಸಡಿನ ಕೆಳಗೆ ಎಲುಬೇ ಇರುತ್ತದೆ. ಸರಳು ಕೂಡುವುದು ನಾಲಗೆಯ ಮೇಲೆ ಮತ್ತು ಆ ತೆರಪಿನ ಮೇಲೆ. ಆದುದರಿಂದ ಅಗಲವನ್ನು ಅಳೆದೇ ಆರಿಸತಕ್ಕದ್ದು: ತುಟಿಯ ಎರಡು ಪಕ್ಕದಲ್ಲಿಯೂ ಸುಮಾರು ಅರ್ಧ ಸೆಂಟಿಮೀಟರಿನಷ್ಟು ಸಡಿಲವಿರಬೇಕು. ಕಿರಿದಾದರೆ ತುಟಿಯನ್ನು ಹಿಂಡುವುದು, ಹಿರಿದಾದರೆ ಅತ್ತಿತ್ತ ಜಾರುವುದು. ದಪ್ಪನೆಯ ಸರಳು ಒತ್ತಡವನ್ನು ಹರಡುವುದು ನಿಜ. ಆದರೆ ಬಾಯಿ ಚಿಕ್ಕದಾಗಿ ನಾಲಗೆ ದಪ್ಪವಾಗಿದ್ದರೆ ಅದಕ್ಕೆ ಎಡೆಯೇ ಸಾಲದು. ಉದ್ದ ತೋಳೂ ಗಲ್ಲದ ಸರಪಳಿಯೂ ಇರುವ ಕಡಿವಾಣವು ಸನ್ನೆಗೋಲಿನಂತೆ ಕೈಯ ಎಳೆತವನ್ನು ಹಲವು ಮಡಿ ಹೆಚ್ಚಿಸುತ್ತದೆ. ಅದು ಪಳಗಿದ ಕೈಗೆ ಮಾತ್ರ ಸಲ್ಲುವುದು. ಕುದುರೆ ತಲೆ ಕೊಡವಿದರೆ, ಬಾಯಿ ಅಗಲಿಸಿದರೆ, ನಾಲಗೆಯನ್ನು ಸರಳಿನ ಮೇಲಕ್ಕೆ ತಂದರೆ, ಅದನ್ನು ಮೊಂಡುತನವೆನ್ನುವ ಮೊದಲು ಹಲ್ಲನ್ನೂ ಕಡಿವಾಣವನ್ನೂ ಪರೀಕ್ಷಿಸಬೇಕು.

ಜಟಕಾ ಕುದುರೆಯ ಕಷ್ಟ ಇನ್ನೂ ಒಂದು ತೂಕ ಹೆಚ್ಚು. ರೈಲು 1891ರಲ್ಲಿ ನಂಜನಗೂಡಿಗೂ 1926ರಲ್ಲಿ ಚಾಮರಾಜನಗರಕ್ಕೂ ಬಂದಿತು. ಗುಂಡ್ಲುಪೇಟೆಗೆ ಇಂದಿಗೂ ಬಂದಿಲ್ಲ. ನೀಲಗಿರಿಯ ಕಡೆಗೆ ಹೋಗುವ ಆ ಹಾದಿಯಲ್ಲಿ ಮೋಟಾರು ಹೆಚ್ಚುವವರೆಗೂ ಗಾಡಿಯೇ ಗತಿ. ಸವಾರನು ತನ್ನ ತೊಡೆಯಿಂದಲೂ ಮೈಭಾರದಿಂದಲೂ ಕುದುರೆಗೆ ಸೂಚನೆ ಕೊಡಬಲ್ಲನು. ಗಾಡಿ ಹೊಡೆಯುವವನಿಗೆ ದನಿಯನ್ನೂ ಚಾವಟಿಯನ್ನೂ ಬಿಟ್ಟರೆ ಉದ್ದನೆಯ ವಾಘೆಯೊಂದೇ ಆಧಾರ. ಅವನು ಕುಳಿತ ಎಡೆಯಿಂದ ಕುದುರೆಯ ಬೆನ್ನು ಕಾಣುವುದೇ ಹೊರತು ಬಾಯಿ ಕಾಣದು. ಕಾಣದ ನೋವನ್ನು ಮರೆಯುವುದು ಸುಲಭ.

ಪ್ರಾಣಿಹಿಂಸಾ ನಿವಾರಣೆಯ 1960ರ ಕಾಯಿದೆಯ ಅಡಿಯಲ್ಲಿ, ಗಾಡಿಯೆಳೆಯುವ ಮತ್ತು ಹೇರು ಹೊರುವ ಪ್ರಾಣಿಗಳಿಗಾಗಿ 1965ರಲ್ಲಿ ನಿಯಮಗಳಾದವು. ಮುಳ್ಳಿನ ಕಡಿವಾಣವನ್ನು ಬಳಸಕೂಡದೆಂದು ಅವು ವಿಧಿಸಿವೆ. ನಿಯಾರ್ಕಸನು ಕಂಡ ಮುಳ್ಳು ಕಾನೂನಿನ ಕಣ್ಣಿಗೆ ಅಪರಾಧವಾಗಲು ಎರಡು ಸಾವಿರ ವರ್ಷಗಳಿಗೂ ಮಿಕ್ಕ ಕಾಲ ಹಿಡಿಯಿತು. ಆದರೆ ಕಾನೂನು ಮುಳ್ಳನ್ನು ತೆಗೆಸಬಲ್ಲುದು, ಕೈಯನ್ನು ಹಗುರಮಾಡಲಾರದು. ನಯವಾದ ಸರಳೂ ಒರಟು ಕೈಯಲ್ಲಿ ಮುಳ್ಳೇ ಆಗುವುದು. ಕುದುರೆಯುಳ್ಳವರು ನಾಳೆ ಬೆಳಗ್ಗೆ ಸಜ್ಜು ಕಟ್ಟುವ ಮುನ್ನ ಒಮ್ಮೆ ಅದರ ತುಟಿಯನ್ನೆತ್ತಿ ನೋಡಿದರೆ ನಮ್ಮ ಈ ಮಾತು ಸಾರ್ಥಕವಾಯಿತೆಂದು ತಿಳಿಯುತ್ತೇವೆ.